ಕಣಜದ ಸೊಂಟಕ್ಕೆ ಹಳದಿ ಪಟ್ಟೆ ಬಂದದ್ದು

ಲೋಕಕ್ಕೆ ಬಳಿದ ಬಣ್ಣ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟ ಮುಟ್ಟಿದರೆ ಬೆಟ್ಟದ ಬಣ್ಣ ಕೈಗೆ ಅಂಟುತ್ತಿತ್ತು. ನಗಬೇಡ ಇಂಚರಾ, ನಿನ್ನ ತಾತ ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವನು. ಬಣ್ಣದ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ.

ಆಗ ಇದ್ದದ್ದು ಮೂರೇ ರಾಜ್ಯ. ನೆಲದ್ದು ಒಂದು, ನೀರಿನದು ಒಂದು, ಗಾಳಿಯದು ಒಂದು. ಒಂದೊಂದು ರಾಜ್ಯಕ್ಕೂ ಅದರದೇ ಗುರುತು. 'ನನ್ನಲ್ಲಿ ವಿಷವಿದೆ, ಹತ್ತಿರ ಬರಬೇಡ' ಎಂದು ತಿಳಿಸಲು ನೆಲದವರು ಹಸಿರು ಬಳಿದುಕೊಳ್ಳುತ್ತಿದ್ದರು, ನೀರಿನವರು ಕೆಂಪು, ಗಾಳಿಯವರು ಬಿಳಿ. ಆದರೆ ನೀರಿನ ರಾಜ್ಯದಲ್ಲಿ ಬಿಳಿ ಮೈ ಎಂದರೆ ಒಳ್ಳೆಯ ಊಟ!

ತಮ್ಮ ತಮ್ಮ ರಾಜ್ಯದಲ್ಲೇ ಇದ್ದವರಿಗೆ ಏನೂ ತೊಂದರೆ ಇರಲಿಲ್ಲ. ತೊಂದರೆಯಾದದ್ದು ಮಿಂಚುಳ್ಳಿಯಮ್ಮನಿಗೆ. ಅವಳ ಗೂಡು ನದಿಯ ದಡದ ಮಣ್ಣಿನೊಳಗೆ, ಊಟ ನೀರಿನಲ್ಲಿ, ಓಡಾಟ ಗಾಳಿಯಲ್ಲಿ. ಅವಳ ಹಿರಿಮಗ ನೀರಿನ ಗುರುತುಗಳನ್ನು ಮಾತ್ರ ಕಲಿತಿದ್ದ. ಹಾರಿದ ಮೊದಲ ದಿನವೇ ಬಿಳಿ ಕಣಜದ ಹುಳುವನ್ನು ಕಂಡು ಬಾಯಿ ಹಾಕಿದ. ಗಂಟಲು ಊದಿಕೊಂಡಿತು. ಜೀವ ಉಳಿಯಿತು, ಕೂಗು ಮಾತ್ರ ಮರಳಿ ಬರಲಿಲ್ಲ.

ಈಗ ಕಿರಿಮಗಳ ರೆಕ್ಕೆ ಬಲಿತಿತ್ತು. ನಾಳೆಯೋ ನಾಡಿದ್ದೋ ಅವಳೂ ಹಾರಬೇಕು. ತಾಯಿ ಮೀನು ಹಿಡಿಯುವುದನ್ನೇ ಬಿಟ್ಟಳು.

ನದಿ ಕಡಲನ್ನು ಸೇರುವ ಕಡೆಯ ಮರಳ ದಂಡೆಗೆ ಅವಳು ವಿಷವುಳ್ಳ ಮೂವರನ್ನು ಕರೆಸಿದಳು. ನೆಲದಿಂದ ಕಂಬಳಿಹುಳು ಬಂತು, ನೀರಿನಿಂದ ಕಡಲಹಾವು, ಗಾಳಿಯಿಂದ ಕಣಜ.

"ಮೂರು ರಾಜ್ಯದ ಪಾಠ ಕಲಿಯುವಷ್ಟು ಹೊತ್ತು ನನ್ನ ಮಗಳಿಗಿಲ್ಲ. ನೀವು ಮೂವರೂ ಒಂದೇ ಗುರುತು ಹಾಕಿಕೊಳ್ಳಿ," ಎಂದಳು.

ಒಂದೇ ಗುರುತೇ? ಸರಿ, ಆದರೆ ಯಾರದು? ನಮ್ಮದೇ ಆಗಬೇಕು ಎಂದು ಮೂವರೂ ಹಟ ಹಿಡಿದರು. ಹಾಗಾದರೆ ನೋಡೇ ಬಿಡೋಣ ಎಂದಳು ಮಿಂಚುಳ್ಳಿಯಮ್ಮ.

ಹಸಿರು ಕಂಬಳಿಹುಳು ಎಲೆಯ ಮೇಲೆ ಕೂತಿತು. ಕಾಣಲಿಲ್ಲ. ಕೆಂಪು ಹಾವು ಆಳಕ್ಕೆ ಇಳಿಯಿತು. ಕೆಂಪೆಲ್ಲ ಮಂಕಾಗಿ ಅದೂ ಕಾಣಲಿಲ್ಲ. ಬಿಳಿ ಕಣಜ ಮೋಡದ ಕೆಳಗೆ ಹಾರಿತು. ಅದೂ ಕಾಣಲಿಲ್ಲ. ಕಾಣದ ಬೋರ್ಡು ಬರೆದರೆಷ್ಟು, ಬಿಟ್ಟರೆಷ್ಟು! ಒಮ್ಮೆ ಹಸಿರು ಗೋಡೆಯ ಮೇಲೆ ಹಸಿರು ಅಕ್ಷರ ಬರೆದು ನಾನೂ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಹಾವು ಇನ್ನೊಂದು ಉಪಾಯ ಹೇಳಿತು. ಹದಿನಾರು ಎಸಳಿನ ಹೂವು, ಅದರ ಸುತ್ತ ಬಳ್ಳಿ, ಬಳ್ಳಿಯ ಸುತ್ತ ಬೆಂಕಿಯ ನಾಲಿಗೆ. ಅದರ ಉದ್ದ ಮೈಮೇಲೆ ಬರೆದಾಗ ಭರ್ಜರಿಯಾಗಿಯೇ ಇತ್ತು. ಕಣಜದ ಸೊಂಟದ ಮೇಲೆ ಬರೆದರೆ ಬರೀ ಕೊಳೆಯಂತೆ ಕಂಡಿತು. ಎಲ್ಲರ ಮೈಗೂ ಹಿಡಿಸುವ ಗುರುತು ಬೇಕು ಎಂದು ಕಣಜ ಗೊಣಗಿತು.

ಆಗ ನೆಲ ತನ್ನೊಳಗಿನ ಅರಿಶಿನದ ಕೊಂಬು ಕೊಟ್ಟಿತು. ಗಾಳಿ ಸಿಡಿಲು ಬಡಿದ ಮರದ ಮಸಿ ತಂದಿತು. ನದಿ ಎರಡನ್ನೂ ಬೇರೆ ಬೇರೆ ಕಲಸಿಕೊಟ್ಟಿತು. ಕಣಜದ ಸೊಂಟಕ್ಕೆ ಒಂದು ಹಳದಿ ಪಟ್ಟೆ, ಒಂದು ಕರಿ ಪಟ್ಟೆ, ಮತ್ತೆ ಹಳದಿ, ಮತ್ತೆ ಕರಿ. ಅಷ್ಟೇ!

ಎಲೆಯ ಮೇಲೆ ಕೂತರೂ ಕಂಡಿತು. ಮೋಡದ ಕೆಳಗೆ ಹಾರಿದರೂ ಕಂಡಿತು. ನದಿಯ ಆಚೆ ದಡದಿಂದಲೂ ಕಂಡಿತು!

ಆದರೂ ಹಾವಿಗೆ ತನ್ನ ಕೆಂಪು ಬಿಡಲು ಮನಸ್ಸಿಲ್ಲ. ಕಂಡರಾಯಿತೇ, ಮಕ್ಕಳಿಗೆ ಅರ್ಥವಾಗಬೇಡವೇ ಎಂದು ಕೇಳಿತು. ಅಷ್ಟರಲ್ಲಿ ಈ ಗಲಾಟೆ ಕೇಳಿ ಕಿರಿಮಗಳು ಗೂಡಿನಿಂದ ಪುರ್ರನೆ ಹಾರಿ ಬಂದೇ ಬಿಟ್ಟಳು! ಕಣಜದ ಎದುರಿಗೇ ಇಳಿದಳು. ಕೊಕ್ಕು ತೆರೆದಳು.

ತಾಯಿ ಕೂಗಲು ಹೊರಟಳು. ಈಗ ತಾನು ಕೂಗಿ ತಡೆದರೆ ಇವತ್ತು ಉಳಿಯುತ್ತಾಳೆ, ತಾನಿಲ್ಲದ ದಿನ? ಅವಳು ಕೊಕ್ಕು ಬಿಗಿಹಿಡಿದು ಕೂತಳು. ಕಣಜಕ್ಕೂ ಭಯ. ಆದರೂ ಅದು ಕದಲಲಿಲ್ಲ.

ಕಿರಿಮಗಳು ಕತ್ತು ಓರೆ ಮಾಡಿ ನೋಡಿದಳು. ಮತ್ತೆ ನೋಡಿದಳು.

"ಅಮ್ಮಾ, ಊಟ ಆಗುವವರೆಲ್ಲ ಅಡಗಿಕೊಳ್ಳುತ್ತಾರೆ. ಇದು ಯಾಕೆ ಅಡಗಿಲ್ಲ?" ಎಂದಳು.

ಕೊಕ್ಕು ಮುಚ್ಚಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು.

ಮಿಂಚುಳ್ಳಿಯಮ್ಮ ಕುಣಿದಾಡಿಬಿಟ್ಟಳು. ಕೂಗಿಲ್ಲದ ಅಣ್ಣನೂ ರೆಕ್ಕೆ ಬಡಿದ. ಕಂಬಳಿಹುಳು ತೆಪ್ಪಗೆ ಬಂದು ಅರಿಶಿನದ ಮುಂದೆ ನಿಂತಿತು. ಹಾವು ಅದರ ಹಿಂದೆ ನಿಂತು, ನನಗೆ ಮೈತುಂಬ ಬೇಕು ಎಂದಿತು.

ಅಂದಿನಿಂದ ಇಂದಿನವರೆಗೂ ಕಣಜದ ಸೊಂಟದಲ್ಲಿ ಆ ಪಟ್ಟೆ ಇದೆ. ನಿನ್ನ ಅಮ್ಮನ ಕಂಪ್ಯೂಟರ್ ಒಂದು ಕಂಪನಿಯದು, ನಿನ್ನ ಶಾಲೆಯದು ಇನ್ನೊಂದರದು, ಒಳಗಿನ ಚಿತ್ರಗಳೆಲ್ಲ ಬೇರೆ ಬೇರೆ. ಆದರೆ ಎರಡರಲ್ಲೂ ಎಚ್ಚರಿಕೆ ಹೇಳಲು ಬರುವುದು ಅದೇ ಹಳದಿ ತ್ರಿಕೋನ, ಅದರ ಮೇಲೆ ಅದೇ ಕರಿ ಗೆರೆ. ನಿನ್ನೆ ಅದನ್ನು ಕಂಡಾಗ, ಓದಲು ಇನ್ನೂ ಸರಿಯಾಗಿ ಬಾರದ ನೀನು ಬೆರಳು ಹಿಂದಕ್ಕೆ ತೆಗೆದೆಯಲ್ಲ, ಅದು ಆ ಮಿಂಚುಳ್ಳಿ ಮರಿ ಅಂದು ಹಿಂದಕ್ಕಿಟ್ಟ ಹೆಜ್ಜೆಯೇ.