ಕುಂಬಾರಗೇರಿಯಲ್ಲಿ ಅರಸನ ಎಣ್ಣೆಸ್ನಾನ

ಮೈಗೆಲ್ಲ ಎಣ್ಣೆ ಮೆತ್ತಿಕೊಂಡ ಅರಸನೊಬ್ಬ ಕುಂಬಾರಗೇರಿಯ ನಡುಬೀದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಯಾಕಿರಬಹುದು, ಊಹಿಸಿ ನೋಡೋಣ. ಹರಕೆಯೆ? ಅಲ್ಲ. ವೈದ್ಯರ ಅಪ್ಪಣೆಯೆ? ಊಹೂಂ. ಬಿಡಿ, ನಾನೇ ಹೇಳಿಬಿಡುತ್ತೇನೆ, ನನಗೇ ತಡೆಯಲಾಗುತ್ತಿಲ್ಲ.

ಸಿರಿವಾಳದ ಅರಸ ಬೊಮ್ಮನಾಯಕ ಹಬ್ಬದ ಬೆಳಗ್ಗೆ ಅರಮನೆಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ತಲೆಗೆ ಎಣ್ಣೆ ಇಳಿದಂತೆಲ್ಲ ಮಾತು ಏರಿತು.

"ನಮ್ಮೂರಲ್ಲಿ ನೀರು ಹರಿಯದ ಬೀದಿಯೇ ಇಲ್ಲ. ಏನಂತೀಯ ಮಲ್ಲರಸ?"

"ಇಲ್ಲವೇ ಇಲ್ಲ ಪ್ರಭು," ಎಂದ ಕಾಲುವೆಗಳ ಅಧಿಕಾರಿ ಮಲ್ಲರಸ.

ಪಕ್ಕದಲ್ಲಿದ್ದ ಆಸ್ಥಾನದ ಜಾಣ ಸೂರಪ್ಪನಿಗೆ ಕುಂಬಾರಗೇರಿಯ ನಿಂಗಮ್ಮ ನೆನಪಾದಳು. ಅಲ್ಲಿಯ ಕಾಲುವೆ ಒಣಗಿ, ಕಲಸಲು ನೀರಿಲ್ಲದೆ ಮಣ್ಣು ಕಲ್ಲಾಗಿತ್ತು. ಬೇಸಿಗೆಯ ಗಡಿಗೆ ಈಗ ಮಾಡದಿದ್ದರೆ ವರ್ಷವಿಡೀ ಹೊಟ್ಟೆಗೇನು? ಅವಳು ಕೇಳಲು ಹೋದಾಗಲೆಲ್ಲ ಮಲ್ಲರಸನದು ಒಂದೇ ಮಾತು: "ನೀರು ದಾರಿಯಲ್ಲಿದೆಯಮ್ಮ, ಹೋಗು."

"ಹಾಗಾದರೆ ಪ್ರಭು, ಇವತ್ತಿನ ಸ್ನಾನ ಕುಂಬಾರಗೇರಿಯಲ್ಲೇ ಆಗಲಿ," ಎಂದ ಸೂರಪ್ಪ. "ಜನವೂ ನೋಡಿ ಹಿಗ್ಗಲಿ."

"ಭೇಷ್! ಎತ್ತಿ ಪಲ್ಲಕ್ಕಿ!"

ಮಲ್ಲರಸ ಬೆವೆತ. "ಪ್ರಭು, ತಣ್ಣೀರು... ನೆಗಡಿ..."

"ಯಾಕೋ, ಅಲ್ಲಿ ನೀರಿಲ್ಲವೆ?"

"ಛೆ ಛೆ! ಧಾರಾಳವಾಗಿದೆ!"

ದಾರಿಯಲ್ಲೇ ಸೂರಪ್ಪ ಅರಸನ ತಲೆಗೆ ಕಲಸಿದ ಸೀಗೆಪುಡಿ ತಿಕ್ಕಿದ. ಕಣ್ಣು ಬಿಗಿಯಾಗಿ ಮುಚ್ಚಿದ ಅರಸನನ್ನು ಇಳಿಸಿ, ನಿಂಗಮ್ಮನ ಮನೆ ಮುಂದೆ ಮಣೆ ಹಾಕಿ ಕೂರಿಸಿದರು.

"ಹುಯ್ಯಿರೋ ನೀರು!"

ಯಾರೂ ಅಲುಗಲಿಲ್ಲ.

"ಕಣ್ಣು ಉರಿಯುತ್ತಿದೆ! ನೀರೆಲ್ಲಿ?"

"ದಾರಿಯಲ್ಲಿದೆ ಪ್ರಭು," ಎಂದ ಸೂರಪ್ಪ.

ನಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತಮಾಷೆಯೇನೋ? ಯಾವಾಗ ಬರುತ್ತೆ?"

"ಅದನ್ನು ಕೇಳಿದವರಿಗೆ 'ಹೋಗು' ಅನ್ನುತ್ತಾರೆ ಪ್ರಭು. ಈ ಬೀದಿಗೆ ತಮ್ಮ ಸರ್ಕಾರ ಕೊಡುವ ಉತ್ತರ ಅದು. ಒಮ್ಮೆ ತಮಗೂ ತಲುಪಿಸಿದೆ, ಅಷ್ಟೆ."

ಪಾಪ, ಮನೆಯಲ್ಲಿದ್ದ ಕೊನೆಯ ಚೊಂಬು ನೀರನ್ನು ನಿಂಗಮ್ಮನೇ ತಂದು ಅರಸನ ಕಣ್ಣಿಗೆ ಎರೆದಳು. ಕಣ್ಣು ಬಿಟ್ಟರೆ ಎದುರಿಗೆ ಒಣ ಕಾಲುವೆ, ಅದರೊಳಗೆ ಮಲಗಿದ್ದ ನಾಯಿ! ಅರಸ ಎಣ್ಣೆಗೈಯಲ್ಲೇ ಮಲ್ಲರಸನ ರಟ್ಟೆ ಹಿಡಿದ.

"ಸೂರಪ್ಪ, ಸೀಗೆಪುಡಿ ಉಳಿದಿದೆಯೇನೋ?"

"ಬೇಕಾದಷ್ಟಿದೆ ಪ್ರಭು."

"ಇವನ ತಲೆಗೂ ತಿಕ್ಕು. ತೊಳೆಯುವುದಿದ್ದರೆ ಈ ಕಾಲುವೆಯ ನೀರಲ್ಲೇ ತೊಳೆಯಬೇಕು!"

ಮಲ್ಲರಸನ ಅರಚಾಟಕ್ಕೆ ಅವನ ಆಳುಗಳು ಓಡಿಹೋಗಿ, ಅವನ ತೆಂಗಿನ ತೋಟಕ್ಕೆ ತಿರುಗಿಸಿದ್ದ ನೀರನ್ನು ಕಾಲುವೆಗೆ ಬಿಟ್ಟರು ನೋಡಿ! ನಾಯಿ ಎದ್ದು ಓಡಿತು. ಅರಸ ಹೊಟ್ಟೆ ಹಿಡಿದು ನಗುತ್ತ, ತನ್ನ ಸ್ನಾನದ ಬೆಳ್ಳಿ ಚೊಂಬನ್ನು ಸೂರಪ್ಪನ ಕೈಗಿಟ್ಟ. ನಿಂಗಮ್ಮ ಇದಕ್ಕೆಲ್ಲ ಕಾಯಲಿಲ್ಲ, ಆಗಲೇ ಮಣ್ಣು ತುಳಿಯುತ್ತಿದ್ದಳು.

ಅವತ್ತು ಚೈತ್ರ ಶುದ್ಧ ಪಾಡ್ಯ, ಬುಧವಾರ, ಯುಗಾದಿ.