ಹೊಳೆಗೆ ಬೈಯುವ ಮುಖ

ಕುಮುದಿನಿಗೆ ಸಿಟ್ಟು ನೆತ್ತಿಗೇರಿತ್ತು. ಏರಿ ಎರಡು ತಿಂಗಳಾಗಿತ್ತು, ಇಳಿಯುವ ಲಕ್ಷಣವೇ ಇರಲಿಲ್ಲ.

ಹೊಳೆದಂಡೆಯಲ್ಲಿ ನಾಚಾರಮ್ಮನವರ ಆಶ್ರಮ. ಅಭಿನಯ ಕಲಿಸುವ ಜಾಗ. ನಾಲ್ಕು ಹೆಂಚಿನ ಕೋಣೆ, ಒಂದು ಮಣ್ಣಿನ ಅಂಗಳ, ಅಲ್ಲಿಂದ ನೀರಿಗೆ ಇಳಿಯುವ ಹದಿನಾಲ್ಕು ಮೆಟ್ಟಿಲು. ಕುಮುದಿನಿ ಇಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತಾರು. ಈಗ ನಲವತ್ತೆಂಟು.

ಆಶ್ರಮದಲ್ಲಿ ಹಳೆಯದೊಂದು ಪದ್ಧತಿ. ಮಳೆಗಾಲದ ಮೊದಲ ಕೆಂಪು ನೀರು ಹೊಳೆಗೆ ಬಂದ ಬೆಳಗ್ಗೆ ಒಬ್ಬ ಶಿಷ್ಯೆ ಕೊನೆಯ ಮೆಟ್ಟಿಲಲ್ಲಿ ನಿಂತು ‘ಹೊಳೆ ಬೈಗುಳ’ ಆಡಬೇಕು. ಮಗಳನ್ನು ಹೊಳೆಗೆ ಕಳೆದುಕೊಂಡ ತಾಯಿಯೊಬ್ಬಳು ಸಾಯುವ ತನಕ ವರ್ಷವರ್ಷವೂ ಬಂದು ಹೊಳೆಗೆ ಬೈದು ಹೋಗುವ ಪದ ಅದು. ಬೈಯುವುದು ಹೊಳೆಗಾದ್ದರಿಂದ ಮುಖ ಹೊಳೆಯ ಕಡೆಗೇ. ಮೇಲಿನ ಮೆಟ್ಟಿಲಲ್ಲಿ ಕೂತ ಜನಕ್ಕೆ ಕಾಣುವುದು ಆಡುವವಳ ಬೆನ್ನು ಮಾತ್ರ.

ಹದಿನೆಂಟು ವರ್ಷದಿಂದ ಅದನ್ನು ಆಡುತ್ತಿದ್ದವಳು ಕುಮುದಿನಿ. ಹದಿನೆಂಟು ವರ್ಷದಲ್ಲಿ ಆ ಹೊತ್ತಿನ ಅವಳ ಮುಖವನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ.

ಈ ವರ್ಷ ವಿಶ್ರುತ ಎಂಬ ಒಬ್ಬ ಚಿತ್ರ ತೆಗೆಯುವವನು ಬಂದ. ಹೊಳೆಯಲ್ಲಿ ಹರಿಗೋಲು ನಿಲ್ಲಿಸಿ, ಅದರೊಳಗೆ ಕ್ಯಾಮೆರಾ ಇಟ್ಟು, ಮುಖವನ್ನೇ ಚಿತ್ರ ತೆಗೆಯುತ್ತೇನೆ ಎಂದ. ಕುಮುದಿನಿ ಹಿಗ್ಗಿದಳು. ಅಂತೂ ಒಬ್ಬ ಬಂದನಲ್ಲ ಎನ್ನಿಸಿತು.

ಅವನು ಅವಳನ್ನು ಫೋನಿನ ಕ್ಯಾಮೆರಾದೊಳಗಿಂದ ಒಂದು ಗಳಿಗೆ ನೋಡಿದ.

“ಮೇಡಂ, ಬೇಜಾರು ಮಾಡ್ಕೋಬೇಡಿ. ಇಷ್ಟು ಹತ್ತಿರದಿಂದ ತೆಗೆದರೆ ವಯಸ್ಸು ಎದ್ದು ಕಾಣುತ್ತೆ. ನಿಮ್ಮಲ್ಲೇ ಅನಘ ಅಂತ ಒಬ್ಬಳು ಹುಡುಗಿ ಇದ್ದಾಳಲ್ಲ, ಅವಳು ಆಡಲಿ. ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ.”

ಬೇಜಾರು ಮಾಡ್ಕೋಬೇಡಿ ಅಂತೆ. ಹದಿನೆಂಟು ವರ್ಷ ಆಡಿದವಳನ್ನು ಪಕ್ಕಕ್ಕೆ ಕೂರಿಸುವವನು ಹೇಳುವ ಮಾತು ಇದು.

ಕುಮುದಿನಿ ಅವತ್ತೇ ಒಂದು ಯಂತ್ರ ತರಿಸಿದಳು. ಮುಖಕ್ಕೆ ಸಣ್ಣಗೆ ಕರೆಂಟು ಕೊಟ್ಟು ಮಾಂಸಖಂಡವನ್ನು ಕುಣಿಸಿ ತೊಗಲು ಬಿಗಿ ಮಾಡುವ ಯಂತ್ರ. ಹಿಡಿಕೆಯ ತುದಿಗೆ ಎರಡು ಲೋಹದ ಗುಂಡು. ಜೆಲ್ಲು ಸವರಿ ದಿನಕ್ಕೆ ಹತ್ತು ನಿಮಿಷ ಹಿಡಿಯಿರಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅವಳು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದು ಗಂಟೆ ಹಿಡಿದಳು, ಸಂಜೆ ಮತ್ತೊಂದು ಗಂಟೆ ಹಿಡಿದಳು. ಹಲ್ಲು ಕಚ್ಚಿಕೊಂಡು ಹಿಡಿದಳು.

ಸುಳ್ಳು ಯಾಕೆ ಹೇಳಬೇಕು, ಕೆನ್ನೆ ಸ್ವಲ್ಪ ಮೇಲೆದ್ದದ್ದು ನಿಜ. ಹುಬ್ಬುಗಳ ನಡುವಿನ ಗೆರೆ ತೆಳುವಾದದ್ದೂ ನಿಜ.

ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತೆಂದು ಸುದ್ದಿ ಬಂದ ದಿನ ನಾಚಾರಮ್ಮ ಅವಳನ್ನು ಅಂಗಳಕ್ಕೆ ಕರೆದರು. ಅವರಿಗೆ ಎಂಬತ್ತೊಂದು. ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಶಿಷ್ಯೆಯರ ಮುಖದ ಮೇಲೆ ಅಂಗೈ ಇಟ್ಟೇ ಅವರು ಅಭಿನಯ ನೋಡುತ್ತಿದ್ದರು. ಅಂಗೈ ಒಪ್ಪಿದವಳಿಗೆ ಮಾತ್ರ ಮೆಟ್ಟಿಲು.

“ಶುರು ಮಾಡು,” ಎಂದು ಅಂಗೈ ಇಟ್ಟರು.

ಕುಮುದಿನಿ ಶುರು ಮಾಡಿದಳು. ಆ ಪದದಲ್ಲಿ ಬಾಯಿಮಾತಿಲ್ಲ. ಬೈಯುವುದೆಲ್ಲ ಮುಖದಲ್ಲೇ.

“ನಿಲ್ಲಿಸು. ಏನೇ ಇದು ವಾಸನೆ?”

“ಲೋಳೆಸರದ ಜೆಲ್ಲು, ಅಮ್ಮ. ಚರ್ಮ ಒಣಗುತ್ತೆ ಅಂತ ಹಚ್ಚಿದೆ.”

“ಇಲ್ಲೊಂದು ಗೆರೆ ಇತ್ತು. ಬೈಗುಳ ಹುಟ್ಟೋದೇ ಅಲ್ಲಿಂದ. ಏನು ಮಾಡಿದೆ ಅದನ್ನ?”

“ಇದೆ ಅಮ್ಮ. ಸ್ವಲ್ಪ ಕಮ್ಮಿಯಾಗಿದೆ, ಅಷ್ಟೇ.”

“ಕೆನ್ನೆ ಯಾಕೆ ಹೀಗೆ ಸೆಟೆದುಕೊಂಡಿದೆ? ಕಣ್ಣ ಕೆಳಗೆ ಏನೋ ಅದುರ್ತಾ ಇದೆ. ನೀನು ಅದುರಿಸ್ತಾ ಇರೋದಲ್ಲ ಅದು. ನನ್ನ ಕೈಗೆ ಸುಳ್ಳು ಹೇಳಬೇಡ ಕುಮುದ.”

ಕುಮುದಿನಿ ಒಳಗೆ ಹೋಗಿ ಯಂತ್ರವನ್ನು ತಂದು ಗುರುಗಳ ಕೈಯಲ್ಲಿ ಕುಕ್ಕಿದಳು. ಏನು, ಎತ್ತ, ಯಾಕೆ ಎಂದು ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಏರಿತು.

ನಾಚಾರಮ್ಮ ಲೋಹದ ಗುಂಡುಗಳನ್ನು ಬೆರಳಿನಿಂದ ಸವರಿ ನೋಡಿದರು.

“ಥೂ. ಇಪ್ಪತ್ತೆರಡು ವರ್ಷ ನಾನು ಬೆಳೆಸಿದ ಮುಖ. ಯಾವನೋ ಒಬ್ಬ ಫೋನಿನಲ್ಲಿ ನೋಡಿ ಮೂಗು ಮುರಿದ ಅಂತ ಇಸ್ತ್ರಿ ಹಾಕ್ಕೊಂಡು ಬಂದಿದ್ದೀಯಲ್ಲ.”

“ನಿಮಗೇನಮ್ಮ ಗೊತ್ತು?” ಕುಮುದಿನಿಗೆ ತಡೆಯಲಾಗಲಿಲ್ಲ. “ನೀವು ಕನ್ನಡಿ ನೋಡಿ ಒಂಬತ್ತು ವರ್ಷ ಆಯ್ತು. ನಿಮ್ಮ ಪಾಲಿಗೆ ನಿಮ್ಮ ಮುಖ ಅಲ್ಲೇ ನಿಂತಿದೆ. ನಾನು ದಿನಾ ನೋಡ್ತೀನಿ. ದಿನಾ ಒಂದಿಷ್ಟು ಜೋತು ಬೀಳೋದನ್ನ ನೋಡ್ತೀನಿ. ಮುಖ ಚೆನ್ನಾಗಿದ್ದಾಗ ಹೊಳೆ ಕಡೆ ತಿರುಗಿಸಿ ನಿಲ್ಲಿಸಿದಿರಿ. ನೋಡೋಕೆ ಒಬ್ಬ ಬಂದ ಅನ್ನುವಾಗ ಮುಖಾನೇ ಮುಗಿದುಹೋಗಿದೆ.”

ಆಡಿದ ಮೇಲೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಕುರುಡಿ ಎಂದು ಹಂಗಿಸಿದ ಹಾಗೇ ಆಗಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ಗುರುಗಳು ಬೈಯಲಿಲ್ಲ.

“ಯಾರ ಮೇಲೆ ಈ ಸಿಟ್ಟು?”

“ಅವನ ಮೇಲೆ. ನಿಮ್ಮ ಮೇಲೆ. ಕನ್ನಡಿ ಮೇಲೆ.”

“ಹೊಳೆ ಮೇಲೆ?”

ಎರಡು ತಿಂಗಳಿಂದ ಕುಮುದಿನಿಗೆ ಹೊಳೆಯ ನೆನಪೇ ಇರಲಿಲ್ಲ.

“ಇದನ್ನ ನನ್ನ ಮುಖಕ್ಕೆ ಹಿಡಿ,” ಎಂದರು ನಾಚಾರಮ್ಮ.

“ಬೇಡ ಅಮ್ಮ. ಗುಂಡಿಗೆ ತೊಂದರೆ ಇರೋರಿಗೆ ಆಗೋದಿಲ್ಲ ಅಂತ ಬರೆದಿದ್ದಾರೆ.”

“ನನ್ನ ಗುಂಡಿಗೆ ಗಟ್ಟಿಯಾಗಿದೆ. ಹಿಡಿ. ಕರೆಂಟು ಎಷ್ಟರ ತನಕ ಏರುತ್ತೆ ಇದರಲ್ಲಿ?”

“ಐದು.”

“ನೀನು ಎಷ್ಟಕ್ಕೆ ಇಡ್ತಿದ್ದೆ?”

“ಐದಕ್ಕೇ.”

“ಹಾಗಾದ್ರೆ ಐದು.”

ಕುಮುದಿನಿ ಜೆಲ್ಲು ಸವರಿ ಹಿಡಿದಳು. ಮುದುಕಿಯ ಕೆನ್ನೆ ಚಂಗನೆ ಮೇಲೆ ಹಾರಿತು. ತುಟಿಯ ಒಂದು ಕೊನೆ ಕಿವಿಯ ಕಡೆ ಎಳೆದುಕೊಂಡಿತು, ಬಿಟ್ಟಿತು, ಮತ್ತೆ ಎಳೆದುಕೊಂಡಿತು.

“ನಾನು ನಗ್ತಿದ್ದೀನಾ?”

“ನಕ್ಕ ಹಾಗೇ ಇದೆ ಅಮ್ಮ.”

“ಯಾರನ್ನ ನೋಡಿ?”

ಕುಮುದಿನಿ ಯಂತ್ರವನ್ನು ಆರಿಸಿದಳು.

“ಈಗ ನಿನ್ನ ಕೈ ಕೊಡು.”

ಇಪ್ಪತ್ತೆರಡು ವರ್ಷದಲ್ಲಿ ಅವಳು ಗುರುಗಳ ಪಾದ ಮುಟ್ಟಿದ್ದಳು, ಮುಖ ಮುಟ್ಟಿರಲಿಲ್ಲ. ನಾಚಾರಮ್ಮ ಅವಳ ಅಂಗೈಯನ್ನು ತಾವೇ ಎಳೆದು ಮುಖದ ಮೇಲೆ ಇಟ್ಟುಕೊಂಡರು. ಕೂತಲ್ಲೇ ಹೊಳೆಯ ಕಡೆ ತಿರುಗಿ ಪದ ಆಡಿದರು.

ಮೊದಲು ಹುಬ್ಬಿನ ನಡುವೆ ಗೆರೆ ಎದ್ದು ಬೆರಳಿಗೆ ಒತ್ತಿತು. ಆಮೇಲೆ ಕೆನ್ನೆ ಬಂತು, ದವಡೆ ಬಂತು. ಮುದುಕಿ ಹೊಳೆಯ ಜನ್ಮ ಜಾಲಾಡಿದಳು. ಆಮೇಲೆ ನಿಲ್ಲಿಸಿದಳು.

ನಿಲ್ಲಿಸಿದ ಮೇಲೂ ಕೈಯ ಕೆಳಗೆ ತೊಗಲು ನಡುಗುತ್ತಲೇ ಇತ್ತು. ಒಳಗಿನ ಮಾಂಸ ಸುಮ್ಮನಾಗಿತ್ತು. ಮೇಲಿನ ಆ ಸಡಿಲ ತೊಗಲು ಮಾತ್ರ ಇನ್ನೂ ಬೈಯುವುದನ್ನು ಬಿಟ್ಟಿರಲಿಲ್ಲ.

ಕುಮುದಿನಿ ಕೈ ತೆಗೆಯಲು ಮರೆತಳು.

“ಇಪ್ಪತ್ತು ವರ್ಷದವಳಾಗಿದ್ದಾಗ ಇದನ್ನ ಆಡಿದ್ದೆ,” ಎಂದರು ನಾಚಾರಮ್ಮ. “ನಾನು ನಿಲ್ಲಿಸಿದ ತಕ್ಷಣ ಮುಖಾನೂ ನಿಲ್ತಿತ್ತು. ನನ್ನ ಗುರು ನೋಡಿ ಹೇಳಿದರು, ನೀನು ಆಡೋ ತಾಯಿಗೆ ಮಗಳು ಸತ್ತು ಇನ್ನೂ ಒಂದೇ ವರ್ಷ ಆಗಿದೆ ಕಣೇ, ಹೋಗು, ಆಮೇಲೆ ಬಾ ಅಂತ.”

ಕುಮುದಿನಿ ಕೈ ತೆಗೆದು ಕೇಳಿದಳು.

“ಈ ವರ್ಷ ಅನಘ ಆಡ್ತಾಳಾ?”

“ಕೆಂಪು ನೀರು ಬಂದ ಬೆಳಗ್ಗೆ ಇನ್ನೊಂದು ಸಲ ಕೈ ಇಡ್ತೀನಿ. ಗೆರೆ ಸಿಕ್ಕಿದರೆ ನೀನು. ಸಿಗದಿದ್ದರೆ ಅನಘ. ಅವಳಿಗೆ ಅದು ಬರೋದಿಲ್ಲ ಅಂತ ಗೊತ್ತು. ಆದರೆ ಅವಳ ಮುಖ ಅವಳದ್ದು.”

“ಮತ್ತೆ ಈ ಮಿಷನ್ನು?”

“ನಿನ್ನ ಮಿಷನ್ನು, ನಿನ್ನ ಮುಖ. ಬೇಡ ಅನ್ನೋಕೆ ನಾನ್ಯಾರು? ಮಂಡಿಗೆ ಆಗುತ್ತಾ ಅಂತ ವಿಚಾರಿಸು. ಮೆಟ್ಟಿಲು ಇಳಿಯೋಕಾಗ್ತಿಲ್ಲ ನನಗೆ.”

ಕುಮುದಿನಿ ಯಂತ್ರವನ್ನು ಅಡುಗೆಮನೆಯಲ್ಲಿ ರಾಗಿ ಡಬ್ಬದ ಹಿಂದೆ ತಳ್ಳಿದಳು. ಮೂರನೇ ದಿನ ವಿಶ್ರುತ ಬಂದು ಅನಘಳ ಮುಖವನ್ನು ನಾಲ್ಕೂ ಕಡೆಯಿಂದ ಚಿತ್ರ ತೆಗೆದುಕೊಂಡು ಹೋದಾಗ ಅವಳ ಕೈ ತಾನಾಗಿ ರಾಗಿ ಡಬ್ಬದ ಹಿಂದಕ್ಕೆ ಹೋಯಿತು. ಯಂತ್ರವನ್ನು ಹಿಡಿದುಕೊಂಡು ಒಲೆಯ ಮುಂದೆ ತುಂಬ ಹೊತ್ತು ನಿಂತಳು. ಕೊನೆಗೆ ಅದನ್ನು ಇದ್ದಲ್ಲೇ ಇಟ್ಟು ಹೊಳೆಗೆ ಹೋದಳು, ಮೆಟ್ಟಿಲಲ್ಲಿ ಕೂತಳು, ನೀರನ್ನು ನೋಡಿದಳು. ಮಾರನೆಯ ದಿನವೂ ಹೋಗಿ ಕೂತಳು.

ಆರನೆಯ ದಿನ ಬೆಳಗ್ಗೆ ನೀರು ಕೆಂಪಾಗಿ ಬಂತು.

ಮೇಲಿನ ಮೆಟ್ಟಿಲಲ್ಲಿ ಜನ ಸೇರಿದ್ದರು. ಹರಿಗೋಲಿಗೆ ಹಗ್ಗ ಕಟ್ಟಿ ಹೊಳೆಯಲ್ಲಿ ನಿಲ್ಲಿಸಿತ್ತು. ವಿಶ್ರುತ ಹೇಳಿದ್ದನೆಂದು ಅನಘ ಆಗಲೇ ಗೆಜ್ಜೆ ಕಟ್ಟಿ ತಲೆ ತಗ್ಗಿಸಿ ನಿಂತಿದ್ದಳು. ಪಾಪ, ಆ ಹುಡುಗಿಯದೇನು ತಪ್ಪು.

ನಾಚಾರಮ್ಮ ಕುಮುದಿನಿಯ ಮುಖದ ಮೇಲೆ ಅಂಗೈ ಇಟ್ಟರು. ಬೆರಳು ಹುಬ್ಬಿನ ನಡುವೆ ನಿಂತಿತು. ತುಂಬ ಹೊತ್ತು ನಿಂತಿತು.

“ಅನಘ, ಗೆಜ್ಜೆ ಬಿಚ್ಚಿ ಅಕ್ಕನಿಗೆ ಕೊಡಮ್ಮ.”

“ಅಮ್ಮ, ನಾವು ಮಾತಾಡಿಕೊಂಡಿದ್ದು ಬೇರೆ,” ಎಂದ ವಿಶ್ರುತ.

“ಯಾರ ಹತ್ತಿರ ಮಾತಾಡಿದ್ದೆ?”

ಅವನು ಗೊಣಗಿಕೊಂಡು ಹರಿಗೋಲು ಹತ್ತಿದ.

ಕುಮುದಿನಿ ಹದಿನಾಲ್ಕು ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಲ್ಲಿ ನೀರು ಪಾದಕ್ಕೆ ತಾಗಿತು. ಎದುರಿಗೇ ಕ್ಯಾಮೆರಾ ಕಣ್ಣು ಬಿಟ್ಟುಕೊಂಡಿತ್ತು. ಇಷ್ಟು ವರ್ಷ ಯಾವುದಕ್ಕಾಗಿ ಹಂಬಲಿಸಿದ್ದಳೋ ಅದೇ.

ಅವಳು ಶುರು ಮಾಡಿದಳು.

“ಮೇಡಂ, ಗದ್ದ ಸ್ವಲ್ಪ ಮೇಲೆ,” ಎಂದು ವಿಶ್ರುತ ಹರಿಗೋಲಿನಿಂದ ಕೂಗಿದ. “ಕತ್ತಿನ ಮಡಿಕೆ ಕಾಣ್ತಿದೆ.”

ಗದ್ದ ಮೇಲೇಳಲಿಲ್ಲ. ಹೊಳೆಗೆ ಬೈಯುವವಳು ತಲೆ ಎತ್ತಿ ಯಾಕೆ ಬೈದಾಳು? ನೀರು ಇರುವುದು ಕೆಳಗೆ. ಮಗಳು ಇರುವುದೂ ಕೆಳಗೆ. ಕುಮುದಿನಿಯ ಕಣ್ಣು ಹರಿಗೋಲಿನ ಕೆಳಗೆ ಹಾದು ನೀರಿಗೆ ಇಳಿಯಿತು. ಕಾಣದೆ ಹೋದ ಹದಿನೆಂಟು ವರ್ಷದ ಮುಖಗಳು, ಪಕ್ಕದಲ್ಲಿ ಕೂತು ಹೇಳಿಕೊಡಿ ಎಂದ ಮಾತು, ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿದ ಮಧ್ಯಾಹ್ನಗಳು, ಎಲ್ಲವೂ ಆ ತಾಯಿಯ ಸಿಟ್ಟಿನೊಳಗೆ ಸೇರಿಕೊಂಡು ಹೊರಟವು. ನನ್ನ ಮಗಳನ್ನು ಕೊಂಡುಹೋದೆ, ಪ್ರತಿ ವರ್ಷ ಏನೂ ಆಗದ ಹಾಗೆ ತುಂಬಿಕೊಂಡು ಬರುತ್ತೀಯಲ್ಲ, ನಿನಗೆ ನಾಚಿಕೆ ಇಲ್ಲವೇ ಎಂದು ಮುಖ ಕೇಳಿತು. ಬಿಡದೆ ಕೇಳಿತು.

ಆಮೇಲೆ ಅವಳು ನಿಲ್ಲಿಸಿದಳು.

ಕೆನ್ನೆ ನಿಲ್ಲಲಿಲ್ಲ. ಗದ್ದದ ಕೆಳಗಿನ ತೊಗಲು ನಿಲ್ಲಲಿಲ್ಲ. ಕನ್ನಡಿ ಇಲ್ಲದೆಯೂ ಅವಳಿಗೆ ಅದು ಗೊತ್ತಾಯಿತು. ಅವಳು ಅದನ್ನು ತಡೆಯಲು ಹೋಗಲಿಲ್ಲ.

ಮೇಲೆ ಕೂತ ಜನಕ್ಕೆ ಕಂಡದ್ದು ಬೆನ್ನು. ಆದರೂ ಯಾರೂ ಏಳಲಿಲ್ಲ.

ವಿಶ್ರುತ ದಡಕ್ಕೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ನಾಚಾರಮ್ಮನವರ ಹತ್ತಿರ ಹೋದ.

“ಚೆನ್ನಾಗಿತ್ತು ಅಮ್ಮ. ಆದರೆ ಕೊನೆಯಲ್ಲಿ ಮುಖ ತುಂಬಾ ಅದುರಿಬಿಟ್ಟಿದೆ. ಈ ಎಳೆ ಬೆಳಕು ಹೋಗೋದರೊಳಗೆ ಇನ್ನೊಂದು ಸಲ ಬೈಯಿಸಿಬಿಡೋಣವಾ?”

ಕುಮುದಿನಿ ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತಿ ಬಂದು ಗುರುಗಳ ಪಕ್ಕದಲ್ಲಿ ನಿಂತಿದ್ದಳು. ನಾಚಾರಮ್ಮ ಅವಳ ಕೈ ಹಿಡಿದುಕೊಂಡು ಎದ್ದರು.

“ಹೊಳೆಯನ್ನ ಕೇಳಪ್ಪ,” ಎಂದರು. “ಬೈಯಿಸಿಕೊಂಡದ್ದು ಅದು.”