ಕೋಡಿಗೆ ಕಟ್ಟಿದ ಕಲ್ಲು

“ಬಿದಿರಕೋಟೆಯ ಪ್ರಜೆಗಳು ಕೇಳಿರಿ. ರಾಜಕುಮಾರಿ ಕೇತಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರನ್ನು ಕೊಟ್ಟು ಮದುವೆ ಮಾಡಿ, ಮೇಲೆ ಅವನು ಬೇಡಿದ ಒಂದು ವರ ಕೊಡಲಾಗುವುದು. ಒಂದು ತಪ್ಪಿದರೂ ತಲೆ ಉಳಿಯದು. ಕುಲ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಹೀಗೆಂದು ಎರೆಯಮ ಮಹಾರಾಜರು ಸಾರಿಸಿದ್ದಾರೆ.”

ಡಂಗುರ ಬೀದಿಯಲ್ಲಿ ಹೋಗುವಾಗ ಕೆಂಚ ಅರಮನೆಯ ಲಾಯದಲ್ಲಿ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದ. ಕಿವಿಗೆ ಬಿದ್ದರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವನ ಊರು ಜಾಲಿಹಟ್ಟಿ ಕೊಚ್ಚಿಹೋಗಿತ್ತು. ಬೆಟ್ಟದಿಂದ ಇಳಿಯುವ ಹಳ್ಳಕ್ಕೆ ಅಡ್ಡಲಾಗಿ ಹಿಂದಿನವರು ಹಾಕಿದ್ದ ಮಣ್ಣಿನ ಏರಿ ಒಡೆದು, ಗುಡಿಸಲು, ದನ, ಕೆಂಚನ ತಾಯಿ, ತಂಗಿ, ಹಟ್ಟಿಯ ಜನ, ಎಲ್ಲವೂ ಹೋಗಿತ್ತು. ಏರಿ ಕಾಯುತ್ತಿದ್ದ ನೀರಗಂಟಿ ಕೆಂಚನ ಅಪ್ಪ ಮಾಯಣ್ಣ. ಕಾವಲಿಗಿದ್ದವನು ನಿದ್ದೆ ಹೋದನೆಂದು ಅರಮನೆಯವರು ಅವನನ್ನು ನೇಣಿಗೆ ಹಾಕಿದರು. ಕೂಲಿಗೆಂದು ಪಟ್ಟಣದಲ್ಲಿದ್ದ ಕೆಂಚ ಒಬ್ಬ ಉಳಿದ.

ಮೊದಲು ಬಂದವನು ಮಗಳಿ ದೇಶದ ಅರಸುಕುವರ. ತುಂಬಿದ ಸಭೆಯಲ್ಲಿ ಕೇತಲೆ ಕೇಳಿದಳು: “ಬೆನ್ನ ಮೇಲೆ ಹುಲ್ಲು ಬೆಳೆಯುತ್ತದೆ. ಹೊಟ್ಟೆಗೆ ನೀರು ತಾಗಿದರೂ ಒಂದು ಗುಟುಕು ಕುಡಿಯದು. ಅದು ಮಲಗಿರುವವರೆಗೆ ಊರು ಬದುಕುತ್ತದೆ, ಎದ್ದು ಹೊರಟರೆ ಊರು ಸಾಯುತ್ತದೆ. ಏನದು?” ಕುವರ ನಕ್ಕು, “ಒಂಟೆ” ಅಂದ. ಅವನ ತಲೆ ಉರುಳಿದ ಮೇಲೆ ಕುದುರೆಯನ್ನು ಲಾಯಕ್ಕೆ ತಂದು ಕಟ್ಟಿದಾಗ ಜೀನು ಇನ್ನೂ ಬೆಚ್ಚಗಿತ್ತು.

ಎರಡನೆಯವನು ಆಸ್ಥಾನ ಪಂಡಿತರ ಮಗ. ಅವನು “ಕೆರೆಯ ಏರಿ” ಎಂದು ಸರಿಯಾಗಿಯೇ ಹೇಳಿದ. ರಾಜನೂ ತಲೆದೂಗಿದ. ಆಮೇಲೆ ಎರಡನೆಯ ಒಗಟು ಬಂತು: “ಯಾವ ಬಾಗಿಲು ತೆರೆದಿದ್ದರೆ ಮನೆ ಭದ್ರ, ಮುಚ್ಚಿದರೆ ಮನೆ ಹಾಳು?” ಪಂಡಿತರ ಮಗ ಬಹಳ ಹೊತ್ತು ಯೋಚಿಸಿ, “ದಾನಿಯ ಮನೆಯ ಬಾಗಿಲು” ಅಂದ. ಅವನ ತಾಯಿ ಅಳುವುದು ಲಾಯದವರೆಗೂ ಕೇಳಿಸಿತು.

ಮಾರನೆಯ ದಿನ ಆಳುಗಳು ಈ ಒಗಟುಗಳನ್ನು ಹೇಳಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಕೆಂಚನ ಕೈಯಲ್ಲಿದ್ದ ಹುಲ್ಲಿನ ಹೊರೆ ಜಾರಿತು. ಏರಿ ಒಡೆದದ್ದು ಹೇಗೆಂದು ಅರಮನೆಯೊಳಗೆ ಯಾರಿಗೋ ಗೊತ್ತಿದೆ ಅನ್ನುವುದು ಅವನಿಗೆ ತಿಳಿಯಿತು. ಮೈಮೇಲಿನ ಹುಲ್ಲು ಕೊಡವಿಕೊಂಡು ನೇರ ಸಭೆಗೆ ನಡೆದ.

ಕಂಬಳಿ ಹೊದ್ದವನನ್ನು ಕಂಡು ಸಭೆ ಮುಸಿಮುಸಿ ನಕ್ಕಿತು. ಕೇತಲೆ ನಗಲಿಲ್ಲ.

“ಮೊದಲನೆಯದು ಏರಿ, ತಾಯಿ. ಅದು ಆಗಲೇ ಗೊತ್ತಾಗಿದೆ. ಎರಡನೆಯದು ಕೋಡಿ,” ಅಂದ ಕೆಂಚ. “ಬೆಟ್ಟದ ನೀರು ಒಮ್ಮೆಗೇ ಊರ ಮೇಲೆ ಬೀಳದಂತೆ ಏರಿ ಹಿಡಿದುಕೊಳ್ಳುತ್ತದೆ. ಹೆಚ್ಚಾದದ್ದನ್ನು ಕೋಡಿ ಮೆಲ್ಲಗೆ ಹಳ್ಳಕ್ಕೆ ಬಿಡುತ್ತದೆ. ಆ ಬಾಗಿಲು ಮುಚ್ಚಿದರೆ ನೀರು ಏರಿಯನ್ನೇ ಹತ್ತಿ ಇಳಿಯುತ್ತದೆ. ಮಣ್ಣು ಎಷ್ಟು ಹೊತ್ತು ತಾಳೀತು?”

“ಇದನ್ನು ಯಾರು ಹೇಳಿಕೊಟ್ಟರು?” ರಾಜನ ದನಿ ಗಡುಸಾಗಿತ್ತು.

“ನಮ್ಮ ಹಟ್ಟಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಸ್ವಾಮಿ. ಈಗ ಯಾರೂ ಇಲ್ಲ.”

ಕೇತಲೆ ಎದ್ದು ನಿಂತಳು. ಮೂರನೆಯ ಒಗಟನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. “ಕೈಯಿಲ್ಲ, ಕಾಲಿಲ್ಲ. ಒಂದು ಬಾಯಲ್ಲಿ ಹುಟ್ಟಿ, ಆನೆ ಎಳೆಯುವ ಕಲ್ಲನ್ನು ಎತ್ತಿಸಿತು, ಒಂದು ಹಟ್ಟಿಯನ್ನು ನುಂಗಿತು. ಹೆತ್ತ ಬಾಯಿ ಈಗ ಅದು ತನ್ನದಲ್ಲ ಅನ್ನುತ್ತದೆ. ಏನದು?”

ಕೆಂಚನಿಗೆ ಹಿಂದಿನ ವರ್ಷದ್ದು ನೆನಪಾಯಿತು. ಅತಿಥಿಗಳ ದೋಣಿವಿಹಾರಕ್ಕೆ ಕೆರೆ ತುಂಬಿ ತುಳುಕಬೇಕೆಂದು ಅರಮನೆಯವರು ಕೋಡಿಗೆ ಅಡ್ಡ ಕಲ್ಲು ಕಟ್ಟಿಸಿದ್ದರು. ಮಳೆಗೆ ಮೊದಲು ಕಲ್ಲು ತೆಗೆಸಿರೆಂದು ಬೇಡಲು ಹೋದ ಅಪ್ಪ, ಬೆನ್ನ ಮೇಲೆ ಚಾವಟಿಯ ಬರೆ ಹೊತ್ತು ಹಿಂದಿರುಗಿದ್ದ.

“ಅಪ್ಪಣೆ,” ಅಂದ ಕೆಂಚ. “ರಾಜನ ಅಪ್ಪಣೆ.”

“ಯಾವ ರಾಜ?” ಎಂದು ಕೇಳಿದ ಎರೆಯಮ.

“ಒಗಟಿನಲ್ಲಿ ಅದನ್ನು ಕೇಳಿಲ್ಲ, ಸ್ವಾಮಿ.”

“ಉತ್ತರ ಸರಿ,” ಅಂದಳು ಕೇತಲೆ. ಅವಳ ಕಣ್ಣು ತುಂಬಿತ್ತು. “ನಾನು ಹೇಳಿದ್ದರೆ ಹುಡುಗಿಗೆ ಹುಚ್ಚು ಅನ್ನುತ್ತಿದ್ದರು. ಈ ನಿಜ ಹೊರಗಿನವರ ಬಾಯಿಂದ, ಸಭೆಯ ಮುಂದೆ ಬರಬೇಕಿತ್ತು.”

“ಇಬ್ಬರು ಸತ್ತರಲ್ಲ, ತಾಯಿ.”

“ತಲೆಯ ಷರತ್ತು ಇಟ್ಟದ್ದು ಅಪ್ಪ.”

“ಒಗಟು ನಿಮ್ಮದೇ ಅಲ್ಲವೇ? ಮೊದಲನೆಯವನು ಹೋದ ದಿನವೇ ನಿಲ್ಲಿಸಬಹುದಿತ್ತು.”

ಅವಳು ತಲೆ ತಗ್ಗಿಸಿ ಪೀಠದಲ್ಲಿ ಕುಳಿತಳು. ಈ ಹೆಣ್ಣಿನ ಮೇಲೆ ಮರುಕ ಹುಟ್ಟಬೇಕಿತ್ತೆಂದು ಕೆಂಚನಿಗೆ ಅನ್ನಿಸಿತು. ಎಷ್ಟು ತಡಕಿದರೂ ತನ್ನೊಳಗೆ ಅದು ಸಿಗಲಿಲ್ಲ.

“ನನಗೆ ಮದುವೆ ಬೇಡ,” ಅಂದ ರಾಜನತ್ತ ತಿರುಗಿ. “ಏರಿ ಮತ್ತೆ ಹಾಕಿಸಿ, ಕೋಡಿ ತಗ್ಗಿಸಿ. ನಮ್ಮಪ್ಪ ತಪ್ಪು ಮಾಡಲಿಲ್ಲವೆಂದು ಹೇಳಿ.”

ಪರದೇಶದ ರಾಯಭಾರಿಗಳು ನೋಡುತ್ತಿದ್ದರು. ಎರೆಯಮ ಗಡ್ಡ ನೀವಿಕೊಂಡು ಗಂಭೀರವಾಗಿ ನುಡಿದ: “ಏರಿ ಹಾಕಿಸುತ್ತೇವೆ. ಅದರ ನೀರಗಂಟಿ ನೀನೇ. ಮಾಯಣ್ಣನ ತಪ್ಪನ್ನು ಕ್ಷಮಿಸಿದ್ದೇವೆ.”

“ತಪ್ಪು ಅವನದಲ್ಲ, ಸ್ವಾಮಿ.”

“ಕ್ಷಮೆ ಸಿಕ್ಕಿತಲ್ಲ, ನಡಿ,” ಎಂದು ಮಂತ್ರಿ ಅವನ ತೋಳು ಹಿಡಿದ. ಸಭೆಯೆಲ್ಲ ರಾಜನ ದೊಡ್ಡ ಮನಸ್ಸನ್ನು ಕೊಂಡಾಡಿತು.

ಏರಿ ಎದ್ದಿತು. ಕೆಂಚ ತಾನೂ ಮಣ್ಣು ಹೊತ್ತ, ಕೋಡಿಯನ್ನು ತನಗೆ ಬೇಕಾದಷ್ಟು ತಗ್ಗಿಸಿಕೊಂಡ. ರಾಜಕುಮಾರಿಯನ್ನು ಒಗಟಿಲ್ಲದೆ ದೂರದ ದೊರೆಯೊಬ್ಬನಿಗೆ ಕೊಟ್ಟರು. ಆ ಮಳೆಗಾಲ ಬೆಟ್ಟದ ನೀರು ಕೆಂಪಾಗಿ, ಮರಗಳನ್ನು ಉರುಳಿಸಿಕೊಂಡು ಬಂತು. ಏರಿ ಅಲುಗಲಿಲ್ಲ. ಪಟ್ಟಣದವರು ನೀರು ನುಗ್ಗದ ಬೀದಿಗಳಲ್ಲಿ ಓಡಾಡಿಕೊಂಡು, ಮಹಾರಾಜರು ಎಂಥ ಏರಿ ಹಾಕಿಸಿದರು ಎಂದು ಮಾತಾಡಿಕೊಂಡರು.

ಕೆಂಚ ಏರಿಯ ಮೇಲೆ ನಿಂತು ನೋಡಿದ. ಕೋಡಿಯಿಂದ ಇಳಿದ ನೀರು ದಡ ಮೀರದೆ ಜಾಲಿಹಟ್ಟಿಯ ಬಯಲಿನ ಪಕ್ಕದಲ್ಲೇ ಹರಿದುಹೋಯಿತು. ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಲ್ಲಿ ಯಾರೂ ಇರಲಿಲ್ಲ.